ಬಾಗಿಲು ಮುಚ್ಚದೆ ಹಳೆಯ ಗ್ರಂಥಾಲಯವನ್ನು ಗಟ್ಟಿಮಾಡಬಹುದೇ?

ಓದುಗರ ಪ್ರಶ್ನೆಗಳಿಗೆ ಕಟ್ಟಡ ಸಂರಕ್ಷಣಾ ಎಂಜಿನಿಯರರ ಉತ್ತರ

ಪ್ರಶ್ನೆ: ಮಾನ್ಯರೆ, ನಾನು ಇತಿಹಾಸದಲ್ಲಿ ಸಂಶೋಧನೆ ನಡೆಸುತ್ತಿದ್ದೇನೆ. ನಾವು ದಿನವೂ ಕುಳಿತು ಓದುವ ವಿಶ್ವವಿದ್ಯಾಲಯದ ಗ್ರಂಥಾಲಯ ಮಹಾರಾಜರ ಕಾಲದ ಕಟ್ಟಡ. ಇಟ್ಟಿಗೆ ಮತ್ತು ಗಾರೆಯ ದಪ್ಪ ಗೋಡೆಗಳು, ತೇಗದ ತೊಲೆಗಳ ಮೇಲೆ ಇಟ್ಟಿಗೆ-ಗಾರೆ ಹಾಸಿದ ಮದ್ರಾಸ್ ತಾರಸಿ. ದುರಸ್ತಿಯ ಜೊತೆಗೆ ಭೂಕಂಪ ನಿರೋಧಕ ಕಾಮಗಾರಿಯನ್ನೂ ಕೈಗೊಳ್ಳುವುದರಿಂದ ಎರಡು ವರ್ಷ ಪೂರ್ತಿ ಮುಚ್ಚುತ್ತಾರೆಂಬ ಮಾತು ಕೇಳಿಬರುತ್ತಿದೆ. ಮುಚ್ಚದೆ ಈ ಕೆಲಸ ಮಾಡಲು ಬರುವುದಿಲ್ಲವೇ?
– ಸಂಶೋಧನಾ ವಿದ್ಯಾರ್ಥಿನಿ, ಸರಸ್ವತಿಪುರಂ, ಮೈಸೂರು

ಉತ್ತರ: ಬರುತ್ತದೆ. ಆದರೆ ಇಡೀ ಕಟ್ಟಡವನ್ನು ಎಂದಿನಂತೆ ಬಳಸಿಕೊಂಡೇ ಕೆಲಸ ಮಾಡಲಾಗದು. ಕಟ್ಟಡವನ್ನು ಭಾಗ ಮಾಡಿಕೊಂಡು, ಒಂದು ಭಾಗದಲ್ಲಿ ಗಾರೆಯವರು ಇರುವಾಗ ಉಳಿದ ಭಾಗಗಳಲ್ಲಿ ಓದುಗರು ಇರುವಂತೆ ನೋಡಿಕೊಳ್ಳಬೇಕಾಗುತ್ತದೆ. ಪೂರ್ತಿ ಮುಚ್ಚಿದರೆ ಗುತ್ತಿಗೆದಾರರಿಗೆ ಅನುಕೂಲ, ಖರ್ಚೂ ಸ್ವಲ್ಪ ಇಳಿಯುತ್ತದೆ ಎಂಬುದು ನಿಜ. ಆದರೂ ನಾನು ಹಂತಹಂತದ ಕೆಲಸದ ಪರವಾಗಿಯೇ ಇದ್ದೇನೆ. ಸಾರ್ವಜನಿಕ ಕಟ್ಟಡವೊಂದು ಮುಚ್ಚಿತೆಂದರೆ ಬೇಗ ತೆರೆಯಿರೆಂದು ದಿನವೂ ಬಂದು ಕೇಳುವವರು ಇಲ್ಲವಾಗುತ್ತಾರೆ, ಅನುದಾನದ ಮುಂದಿನ ಕಂತು ತಡವಾಗುತ್ತದೆ, ಎರಡು ವರ್ಷವೆಂದದ್ದು ಐದಾಗುತ್ತದೆ. ಅಷ್ಟರಲ್ಲಿ ಒಂದು ತಲೆಮಾರಿನ ವಿದ್ಯಾರ್ಥಿಗಳು ಆ ಗ್ರಂಥಾಲಯವನ್ನು ನೋಡದೆಯೇ ಪದವಿ ಮುಗಿಸಿ ಹೋಗಿರುತ್ತಾರೆ.

ಭೂಕಂಪದೊಡನೆ ನಿತ್ಯ ಬದುಕುವ ಅಮೆರಿಕದ ಪಶ್ಚಿಮ ಭಾಗದಲ್ಲಿ ಎರಡೂ ಬಗೆಯ ನಿದರ್ಶನಗಳಿವೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ 1919ರ ಗ್ರಂಥಾಲಯ ಕಟ್ಟಡವು 1989ರ ಅಕ್ಟೋಬರ್‌ನ ಲೋಮಾ ಪ್ರಿಯೆಟಾ ಭೂಕಂಪದಲ್ಲಿ ಜಖಂಗೊಂಡು, ಮತ್ತೆ ತೆರೆದದ್ದು 1999ರಲ್ಲಿ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪೊವೆಲ್ ಗ್ರಂಥಾಲಯವನ್ನು ಬಲಪಡಿಸುವಾಗ ಪುಸ್ತಕಗಳನ್ನೂ ಓದುಗರನ್ನೂ ಡೇರೆಯಂಥ ತಾತ್ಕಾಲಿಕ ಕಟ್ಟಡವೊಂದಕ್ಕೆ ಸಾಗಿಸಿದರು. ಆ ಕೆಲಸ ನಡೆಯುತ್ತಿದ್ದಾಗಲೇ, 1994ರ ಜನವರಿಯಲ್ಲಿ, ನಾರ್ತ್‌ರಿಜ್ ಭೂಕಂಪ ಬಂತು. ಯೂಟಾ ವಿಶ್ವವಿದ್ಯಾಲಯದ ಮ್ಯಾರಿಯಟ್ ಗ್ರಂಥಾಲಯದ ಕೆಲಸವನ್ನು ಮಾತ್ರ 2005ರಿಂದ 2009ರವರೆಗೆ ಬಾಗಿಲು ತೆರೆದಿಟ್ಟುಕೊಂಡೇ ಮಾಡಿ ಮುಗಿಸಿದರು. ಅದು 1968ರ ಕಾಂಕ್ರೀಟ್ ಕಟ್ಟಡವಾದ್ದರಿಂದ ಅಲ್ಲಿನ ತಂತ್ರ ನಮ್ಮ ಗಾರೆ ಗೋಡೆಗೆ ಹೊಂದುವುದಿಲ್ಲ. ಕೆಲಸವನ್ನು ಹಂಚಿಕೊಂಡ ಕ್ರಮ ಹೊಂದುತ್ತದೆ.

ಹಂತಗಳನ್ನು ನಿರ್ಧರಿಸುವಾಗ ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದದ್ದು ಪುಸ್ತಕದ ತೂಕ. ಒಂದು ಮೀಟರು ಉದ್ದದ ಪುಸ್ತಕಸಾಲು ಸುಮಾರು 30 ಕಿಲೋ ತೂಗುತ್ತದೆ, ದಪ್ಪ ರಟ್ಟಿನ ಸಂಪುಟಗಳಾದರೆ ಇನ್ನೂ ಹೆಚ್ಚು. ಎರಡೂ ಬದಿಗೆ ಆರಾರು ಹಲಗೆಗಳಿರುವ ಒಂದು ಮೀಟರು ಅಗಲದ ರ್‍ಯಾಕ್ ಎಂದರೆ 360 ಕಿಲೋ ಆಯಿತು. ಭಾರತೀಯ ಮಾನಕವಾದ ಐಎಸ್ 875, ವಾಸದ ಕೋಣೆಯ ನೆಲ ಚದರ ಮೀಟರಿಗೆ ಸುಮಾರು 200 ಕಿಲೋ ಹೊರಬೇಕೆಂದರೆ, ಪುಸ್ತಕದ ಉಗ್ರಾಣದ ನೆಲ ಸುಮಾರು 600 ಕಿಲೋ ಹೊರಬೇಕೆನ್ನುತ್ತದೆ. ಕೆಲಸ ಆರಂಭವಾದೊಡನೆ ಒಂದು ಭಾಗದ ಪುಸ್ತಕಗಳನ್ನು ಮೂಟೆ ಕಟ್ಟಿ ಓದುವ ಕೋಣೆಯ ಮಧ್ಯದಲ್ಲಿ ಆಳೆತ್ತರ ಪೇರಿಸಿಡುವುದು ನಮ್ಮಲ್ಲಿ ಮಾಮೂಲು. ಮರದ ತೊಲೆಯ ಮೇಲಿನ ಮಹಡಿಯಲ್ಲಿ ಹೀಗೆ ಮಾಡುವುದು ಭೂಕಂಪಕ್ಕಿಂತ ಹತ್ತಿರದ ಅಪಾಯ. ಪುಸ್ತಕಗಳು ನೆಲಮಹಡಿಗೆ ಇಳಿಯಬೇಕು, ಇಲ್ಲವೇ ಬೇರೊಂದು ಕಟ್ಟಡಕ್ಕೆ ಹೋಗಬೇಕು. ಮಹಡಿಯಲ್ಲೇ ಜಾಗ ಬದಲಿಸುವುದಾದರೆ ಗೋಡೆಯ ಅಂಚಿಗೆ, ತೊಲೆಯ ತುದಿಗಳ ಸಮೀಪ, ತೆಳ್ಳಗೆ ಹರಡಿ ಇಡಬೇಕು.

ಸಾಗಿಸುವ ಮೊದಲು ಪ್ರತಿ ರ್‍ಯಾಕಿಗೂ ಪ್ರತಿ ಹಲಗೆಗೂ ಒಂದೊಂದು ಗುರುತಿನ ಸಂಖ್ಯೆ ಕೊಟ್ಟು, ಹಲಗೆಯಲ್ಲಿದ್ದ ಸಾಲು ಅದೇ ಕ್ರಮದಲ್ಲಿ ಟ್ರಾಲಿಗೆ, ಟ್ರಾಲಿಯಿಂದ ಹೊಸ ಜಾಗಕ್ಕೆ ಹೋಗುವಂತೆ ಮಾಡಬೇಕು. ಈ ಒಂದು ಶಿಸ್ತು ಇದ್ದರೆ ನೀವು ಬೆಳಗ್ಗೆ ಚೀಟಿ ಬರೆದುಕೊಟ್ಟ ಪುಸ್ತಕ ಮಧ್ಯಾಹ್ನದೊಳಗೆ ಕೈಸೇರುತ್ತದೆ. ಇಲ್ಲದಿದ್ದರೆ ಗ್ರಂಥಾಲಯ ತೆರೆದಿದ್ದೂ ಪ್ರಯೋಜನವಿಲ್ಲ. ಕೆಲಸದ ಭಾಗಕ್ಕೂ ಓದುವ ಭಾಗಕ್ಕೂ ನಡುವೆ ನೆಲದಿಂದ ಚಾವಣಿಯವರೆಗೆ ಪ್ಲೈವುಡ್ ತಡೆಗೋಡೆ ಕಟ್ಟಿ, ಸಂದುಗಳಿಗೆ ಟೇಪು ಹಚ್ಚಿ, ಕೆಲಸದ ಬದಿಯ ಕಿಟಕಿಯಲ್ಲಿ ಎಕ್ಸಾಸ್ಟ್ ಫ್ಯಾನ್ ಹಾಕಿದರೆ, ಗಾಳಿ ಓದುವ ಕಡೆಯಿಂದ ಕೆಲಸದ ಕಡೆಗೆ ಹರಿಯುತ್ತದೆ, ಸುಣ್ಣದ ದೂಳು ಪುಸ್ತಕದತ್ತ ಬರುವುದಿಲ್ಲ. ಬರಿಯ ಟಾರ್ಪಾಲು ಇಳಿಬಿಟ್ಟರೆ ಸಾಲದು. ಗೋಡೆ ಕೊರೆಯುವ ಕೆಲಸ ಬೆಳಗ್ಗೆ ಹತ್ತರೊಳಗೆ ಮುಗಿಯಲಿ. ಪರೀಕ್ಷೆಯ ವಾರಗಳಲ್ಲಿ ಸದ್ದಿಲ್ಲದ ಕೆಲಸವನ್ನಷ್ಟೇ ಇಟ್ಟುಕೊಳ್ಳಲಿ. ಓದುವ ಭಾಗಕ್ಕೆ ಯಾವ ಹಂತದಲ್ಲೂ ಹೊರಹೋಗುವ ಎರಡು ದಾರಿಗಳು ಇರಲೇಬೇಕು. ಒಂದು ದಾರಿಯನ್ನು ಸಾರವೆ ಅಡ್ಡಗಟ್ಟಿದ ದಿನ ಆ ಭಾಗವನ್ನು ಮುಚ್ಚುವುದೇ ಸರಿ. ತೆರೆದಿಡಬೇಕೆಂಬ ಹಟ ಇಲ್ಲಿ ಸಲ್ಲದು.

ತಾರಸಿ ಬಿಚ್ಚುವ ಕೆಲಸಕ್ಕೆ ಮೈಸೂರಿನಲ್ಲಿ ಜನವರಿಯಿಂದ ಮಾರ್ಚ್‌ವರೆಗಿನ ಕಾಲವನ್ನು ಬಿಟ್ಟರೆ ಬೇರೆ ಕಾಲವಿಲ್ಲ. ಏಪ್ರಿಲ್-ಮೇ ತಿಂಗಳ ಗುಡುಗುಮಳೆ ಒಂದೇ ಸಂಜೆಯಲ್ಲಿ ಸಾವಿರ ಪುಸ್ತಕಗಳನ್ನು ತೋಯಿಸಬಲ್ಲುದು, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಮತ್ತೊಂದು ಸುತ್ತು ಜೋರು ಮಳೆ ಇದ್ದೇ ಇದೆ. ಟೆಂಡರಿನ ದಿನಾಂಕ ಈ ಕಾಲಕ್ಕೆ ಹೊಂದದಿದ್ದರೆ ತಾರಸಿಯ ಕೆಲಸವನ್ನು ಮುಂದಿನ ವರ್ಷಕ್ಕೆ ಸರಿಸಿ, ಈ ವರ್ಷ ಗೋಡೆಯ ಕೆಲಸ ಮಾಡಿಕೊಳ್ಳುವುದು ವಿವೇಕ.

ಇನ್ನೊಂದು ಭಯ ಬೆಂಕಿಯದು. ಹಳೆಯ ಕಟ್ಟಡಗಳಿಗೆ ಬೆಂಕಿಯ ಅಪಾಯ ಹೆಚ್ಚುವುದೇ ದುರಸ್ತಿಯ ಕಾಲದಲ್ಲಿ. ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚು 2019ರ ಏಪ್ರಿಲ್‌ನಲ್ಲಿ ಉರಿದಾಗ ಅಲ್ಲಿ ಜೀರ್ಣೋದ್ಧಾರ ನಡೆದಿತ್ತು. ಗ್ಲಾಸ್ಗೋ ಕಲಾಶಾಲೆಯ ಮ್ಯಾಕಿಂಟಾಷ್ ಕಟ್ಟಡ 2014ರಲ್ಲಿ ತನ್ನ ಗ್ರಂಥಾಲಯವನ್ನು ಬೆಂಕಿಗೆ ಕಳೆದುಕೊಂಡು, 2018ರಲ್ಲಿ ಅದನ್ನೇ ಸರಿಪಡಿಸುತ್ತಿದ್ದಾಗ ಮತ್ತೆ ಸುಟ್ಟುಹೋಯಿತು. ಹಾಗೆಂದು ಕೆಲಸವನ್ನು ಮುಂದೂಡಿ ಕೂರುವಂತೆಯೂ ಇಲ್ಲ: ಜರ್ಮನಿಯ ವೈಮಾರ್‌ನ ಅನ್ನಾ ಅಮಾಲಿಯಾ ಗ್ರಂಥಾಲಯದ ಪುಸ್ತಕಗಳನ್ನು ದುರಸ್ತಿಗೆಂದು ಸ್ಥಳಾಂತರಿಸಲು ಕೆಲವೇ ವಾರಗಳಿದ್ದಾಗ, 2004ರ ಸೆಪ್ಟೆಂಬರ್‌ನಲ್ಲಿ, ಬೆಂಕಿ ಬಿದ್ದು ಸುಮಾರು 50,000 ಸಂಪುಟಗಳು ನಾಶವಾದವು. ವೆಲ್ಡಿಂಗನ್ನು ಕಟ್ಟಡದ ಹೊರಗೆ ಮುಗಿಸಿ, ಒಳಗೆ ಬೋಲ್ಟು ಬಿಗಿಯುವ ಕೆಲಸವನ್ನಷ್ಟೇ ಉಳಿಸಿಕೊಳ್ಳುವಂತೆ ನಕ್ಷೆಯಲ್ಲೇ ಬರೆಯಿಸಬೇಕು.

ಪ್ರಶ್ನೆ: ಮೈಸೂರು-ಮಂಡ್ಯ ಭಾಗದಲ್ಲಿ ಭೂಕಂಪವೇ ಆಗುವುದಿಲ್ಲವಲ್ಲ? ಅದರ ಹೆಸರಿನಲ್ಲಿ ಹಣ ಸುರಿಯುವ ಬದಲು ಹೊಸ ಪುಸ್ತಕ ಕೊಳ್ಳಬಾರದೇ?
– ನಿವೃತ್ತ ಅಧ್ಯಾಪಕರು, ಮಂಡ್ಯ

ಉತ್ತರ: ಭೂಕಂಪ ನಿರೋಧಕ ವಿನ್ಯಾಸದ ಭಾರತೀಯ ಮಾನಕವಾದ ಐಎಸ್ 1893ರ 2016ರ ಆವೃತ್ತಿಯಲ್ಲಿ ನಮ್ಮ ಎರಡೂ ಜಿಲ್ಲೆಗಳು ಎರಡನೆಯ ವಲಯದಲ್ಲಿ, ಅಂದರೆ ಆ ಪಟ್ಟಿಯ ಅತಿ ಕಡಿಮೆ ಅಪಾಯದ ವಲಯದಲ್ಲಿವೆ. ಕಡಿಮೆ ಎಂದರೆ ಇಲ್ಲವೇ ಇಲ್ಲ ಎಂದಲ್ಲ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪಕ್ಕೆ ನೆಲಕಚ್ಚಿದಾಗ ಆ ಸೀಮೆ ಅಂದಿನ ನಕ್ಷೆಯಲ್ಲಿ ಎಲ್ಲಕ್ಕಿಂತ ಸುರಕ್ಷಿತವೆನಿಸಿದ ಒಂದನೆಯ ವಲಯದಲ್ಲಿತ್ತು. ಆ ವಲಯವನ್ನೇ 2002ರಲ್ಲಿ ತೆಗೆದುಹಾಕಿ ಎರಡನೆಯದರಲ್ಲಿ ಸೇರಿಸಿದರು. ನಮಗೆ ದಕ್ಷಿಣಕ್ಕಿರುವ ಕೊಯಮತ್ತೂರಿನ ಭಾಗದಲ್ಲಿ 1900ರ ಫೆಬ್ರವರಿಯಲ್ಲಿ ಸುಮಾರು 6ರ ತೀವ್ರತೆಯ ಭೂಕಂಪ ಆಗಿದೆ.

ಆದರೆ ನಾನು ಈ ಕೆಲಸವನ್ನು ಬೆಂಬಲಿಸುವುದಕ್ಕೆ ಮುಖ್ಯ ಕಾರಣ ಬೇರೆ. 2012ರಲ್ಲಿ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜೀವಹಾನಿಯಾಯಿತು. 2016ರಲ್ಲಿ ದೇವರಾಜ ಮಾರುಕಟ್ಟೆಯ ಉತ್ತರ ದ್ವಾರದ ಭಾಗ ಬಿತ್ತು. ಯಾವುದಕ್ಕೂ ಭೂಮಿ ನಡುಗಬೇಕಾಗಿರಲಿಲ್ಲ. ತಾರಸಿಯಿಂದ ಇಳಿದ ನೀರು ಗೋಡೆಯೊಳಗಿನ ತೊಲೆಯ ತುದಿಯನ್ನು ಕೊಳೆಯಿಸುವುದು, ಗಾರೆ ಪುಡಿಯಾಗಿ ಗೋಡೆ ಹೊಟ್ಟೆಬಿಡುವುದು, ಮೂಲೆಯಲ್ಲಿ ಎರಡು ಗೋಡೆಗಳು ಪರಸ್ಪರ ಬಿಟ್ಟುಕೊಳ್ಳುವುದು, ಇವೆಲ್ಲ ಇಂಥ ಕಟ್ಟಡಗಳ ನಿತ್ಯದ ರೋಗಗಳು. ಭೂಕಂಪಕ್ಕೆಂದು ಮಾಡುವ ಕೆಲಸದ ಬಹುಪಾಲು ಈ ರೋಗಗಳಿಗೂ ಮದ್ದು. ಎರಡನೆಯ ವಲಯದ ಕಟ್ಟಡಕ್ಕೆ, 1989ರಲ್ಲಿ ಸಾಲ್ಟ್ ಲೇಕ್ ಸಿಟಿಯ ಪುರಭವನಕ್ಕೆ ಮಾಡಿದಂತೆ, ಇಡೀ ಕಟ್ಟಡವನ್ನು ಅಡಿಪಾಯದಿಂದ ಬಿಡಿಸಿ ರಬ್ಬರ್ ದಿಂಬುಗಳ ಮೇಲೆ ಕೂರಿಸುವ ದುಬಾರಿ ವಿಧಾನ ಬೇಕಿಲ್ಲ. ಅಂಥ ಪ್ರಸ್ತಾವ ಬಂದರೆ ನೀವು ಕೇಳಿದ ಪ್ರಶ್ನೆಯನ್ನು ಆಗ ಕೇಳಿ.

ಪ್ರಶ್ನೆ: ಹಳೆಯ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಹೊಡೆದು, ಮದ್ರಾಸ್ ತಾರಸಿ ತೆಗೆದು ಆರ್‌ಸಿಸಿ ಹಾಕಿದರೆ ಕಟ್ಟಡ ಗಟ್ಟಿಯಾಗುತ್ತದೆಂದು ನಮ್ಮ ಮೇಸ್ತ್ರಿಗಳು ಹೇಳುತ್ತಾರೆ. ಇದು ಸರಿಯೇ?
– ಕಟ್ಟಡ ಗುತ್ತಿಗೆದಾರರು, ಶ್ರೀರಂಗಪಟ್ಟಣ

ಉತ್ತರ: ಸರಿಯಲ್ಲ, ಎರಡೂ ಸರಿಯಲ್ಲ. ಸುಣ್ಣದ ಗಾರೆಯ ಗೋಡೆ ತೇವವನ್ನು ಹೀರಿ ಹೊರಬಿಡುತ್ತದೆ. ಮೇಲೆ ಸಿಮೆಂಟ್ ಬಳಿದಾಗ ಆ ತೇವ ಒಳಗೇ ಸಿಕ್ಕಿಕೊಂಡು, ಇಟ್ಟಿಗೆಯ ಲವಣವನ್ನು ಕರಗಿಸಿ, ಪ್ಲಾಸ್ಟರಿನ ಹಿಂದೆ ಗೋಡೆಯನ್ನು ಪುಡಿ ಮಾಡುತ್ತದೆ. ಹೊರಗೆ ಗೋಡೆ ನುಣ್ಣಗೆ ಕಾಣುತ್ತಿರುತ್ತದೆ. ಭಾರವಾದ ಕಾಂಕ್ರೀಟ್ ಚಾವಣಿಯ ವಿಷಯದಲ್ಲಿ ಇಟಲಿಯವರು 1997ರ ಉಂಬ್ರಿಯಾ ಭೂಕಂಪದಲ್ಲಿ ಪಾಠ ಕಲಿತಿದ್ದಾರೆ: ದುರ್ಬಲ ಕಲ್ಲುಗೋಡೆಯ ಮೇಲೆ ಮರದ ಚಾವಣಿ ತೆಗೆದು ಕಾಂಕ್ರೀಟ್ ಕೂರಿಸಿದ್ದ ಹಲವು ಕಟ್ಟಡಗಳು ಆ ಭಾರಕ್ಕೇ ಹೆಚ್ಚು ಹಾನಿಗೊಂಡವು.

ಇಂಥ ಕಟ್ಟಡಕ್ಕೆ ಬೇಕಾದದ್ದು ಬಿಗಿ. ತೊಲೆಯ ತುದಿ ಗೋಡೆಯ ಗೂಡಿನಲ್ಲಿ ಬರಿದೇ ಕೂತಿರುತ್ತದೆ. ಗೋಡೆ ಹೊರಕ್ಕೆ ಒಂದಿಷ್ಟು ವಾಲಿದರೆ ತುದಿ ಕಳಚಿಕೊಂಡು ಚಾವಣಿ ಕೆಳಗಿಳಿಯುತ್ತದೆ. ಆದ್ದರಿಂದ ತೊಲೆಗೆ ಸ್ಟೇನ್‌ಲೆಸ್ ಸ್ಟೀಲಿನ ಪಟ್ಟಿ ಹೊಡೆದು, ಗೋಡೆಯ ಹೊರಬದಿಯಲ್ಲಿ ತಟ್ಟೆಯಿಟ್ಟು ಬೋಲ್ಟಿನಿಂದ ಬಿಗಿಯಬೇಕು. ಎದುರುಬದುರು ಗೋಡೆಗಳನ್ನು ಚಾವಣಿಯ ಮಟ್ಟದಲ್ಲಿ ಕಂಬಿಗಳಿಂದ ಕಟ್ಟಬೇಕು, ಮೂಲೆಗಳನ್ನು ಕಂಬಿ ತೂರಿಸಿ ಹೊಲಿಯಬೇಕು, ಎತ್ತರದ ಕೈಪಿಡಿಗೋಡೆಗೆ ಹಿಂದಿನಿಂದ ಆಸರೆ ಕೊಡಬೇಕು. ಸಾಧಾರಣ ಕಬ್ಬಿಣ ಬೇಡ, ಅದು ತುಕ್ಕು ಹಿಡಿದು ಉಬ್ಬಿ ಗೋಡೆಯನ್ನೇ ಸೀಳುತ್ತದೆ. ಗೋಡೆಯ ಪೊಳ್ಳುಗಳಿಗೆ ಸುಣ್ಣದ ಗ್ರೌಟನ್ನು (ತೆಳುವಾದ ಗಾರೆ ರಸವನ್ನು) ಕಡಿಮೆ ಒತ್ತಡದಲ್ಲಿ, ಕೆಳಗಿನ ತೂತಿನಿಂದ ಆರಂಭಿಸಿ, ಮೇಲಿನ ತೂತಿನಲ್ಲಿ ರಸ ಹೊರಬರುವವರೆಗೆ ತುಂಬಿ, ಗಟ್ಟಿಯಾಗಲು ಬಿಟ್ಟು, ಆಮೇಲೆ ಮೇಲಿನ ಸಾಲಿಗೆ ಹೋಗಬೇಕು. ನಿಧಾನದ ಕೆಲಸವಾದರೂ ಸದ್ದಿಲ್ಲದ ಕೆಲಸ. ಪಕ್ಕದ ಕೋಣೆಯಲ್ಲಿ ಓದುವವರಿಗೆ ತಿಳಿಯುವುದೂ ಇಲ್ಲ. ಸುರ್ಕಿ (ಇಟ್ಟಿಗೆ ಪುಡಿ), ಬೆಲ್ಲದ ನೀರು, ಅಳಲೆಕಾಯಿ ರಸ ಹಾಕಿ ಗಾರೆ ಅರೆಯಲು ಬಲ್ಲ ಹಿರಿಯ ಮೇಸ್ತ್ರಿಗಳು ನಿಮ್ಮ ಕಡೆ ಇದ್ದರೆ ದಯವಿಟ್ಟು ಅವರನ್ನು ಕರೆಯಿರಿ, ಅವರ ಕೈಕೆಳಗೆ ಹುಡುಗರನ್ನು ಹಾಕಿರಿ.

ಪ್ರಶ್ನೆ: ಕಾಮಗಾರಿ ಯಾವಾಗ ಬರುವುದೋ ತಿಳಿಯದು. ಅಲ್ಲಿಯವರೆಗೆ ನಾವು ಸಿಬ್ಬಂದಿ ಏನು ಮಾಡಬಹುದು?
– ಗ್ರಂಥಾಲಯ ಸಹಾಯಕರು, ಮೈಸೂರು

ಉತ್ತರ: ಬಹಳಷ್ಟು ಮಾಡಬಹುದು. ನ್ಯೂಜಿಲೆಂಡಿನ ಕ್ಯಾಂಟರ್ಬರಿ ವಿಶ್ವವಿದ್ಯಾಲಯದಲ್ಲಿ 2010 ಮತ್ತು 2011ರ ಭೂಕಂಪಗಳಲ್ಲಿ ಕಟ್ಟಡ ನಿಂತಿತು, ಲಕ್ಷಾಂತರ ಪುಸ್ತಕಗಳು ನೆಲಕ್ಕೆ ಬಿದ್ದವು. ದಪ್ಪ ಸಂಪುಟಗಳನ್ನು ಕೆಳಗಿನ ಹಲಗೆಗಳಿಗೆ ಇಳಿಸಿ, ರ್‍ಯಾಕಿನ ನೆತ್ತಿಯ ಮೇಲೆ ಪೇರಿಸಿದ ಹಳೆಯ ಪತ್ರಿಕೆಗಳ ಕಟ್ಟುಗಳನ್ನು ತೆಗೆಯಿರಿ, ಗಾಜಿನ ಬೀರುಗಳಿಗೆ ಚಿಲಕ ಹಾಕಿಸಿ, ಎತ್ತರದ ರ್‍ಯಾಕಿನ ಮಗ್ಗುಲಲ್ಲೇ ಇರುವ ಓದುವ ಮೇಜುಗಳನ್ನು ದೂರ ಸರಿಸಿ. ತಾಳೆಗರಿಯ ಕಟ್ಟುಗಳಿದ್ದರೆ ಬಟ್ಟೆ ಸುತ್ತಿ ಪೆಟ್ಟಿಗೆಯಲ್ಲಿಟ್ಟು, ಸೋರುವ ಚಾವಣಿಯ ಕೆಳಗಿನಿಂದ ಇಂದೇ ತೆಗೆಯಿರಿ. ಕಬ್ಬಿಣದ ರ್‍ಯಾಕುಗಳ ಹಿಂಬದಿಗೆ ಅಡ್ಡಕರ್ಣದ ಪಟ್ಟಿಗಳನ್ನು ಬಿಗಿಸಿದರೆ ಅವು ಪಕ್ಕಕ್ಕೆ ಮಡಚಿಕೊಳ್ಳುವುದಿಲ್ಲ. ರ್‍ಯಾಕನ್ನು ಗೋಡೆಗೆ ಕಟ್ಟುವಾಗ ಮಾತ್ರ ಎಚ್ಚರವಿರಲಿ: ಸ್ಕ್ರೂ ಗಾರೆಯ ಲೇಪ ದಾಟಿ ಇಟ್ಟಿಗೆಯೊಳಗೆ ಹಿಡಿಯಬೇಕು. ಕೊರೆಯುವಾಗ ಬರಿಯ ಪುಡಿಯೇ ಉದುರುತ್ತಿದ್ದರೆ ಆ ಗೋಡೆಯನ್ನು ನಂಬದೆ, ಸಾಲಿನ ರ್‍ಯಾಕುಗಳನ್ನು ನೆತ್ತಿಯ ಮಟ್ಟದಲ್ಲಿ ಕಬ್ಬಿಣದ ಪಟ್ಟಿಯಿಂದ ಒಂದಕ್ಕೊಂದು ಬಿಗಿಯಿರಿ, ಗೋಡೆಯ ಆ ಜಾಗಕ್ಕೆ ಗುರುತು ಹಾಕಿ ಎಂಜಿನಿಯರರಿಗೆ ಲಿಖಿತವಾಗಿ ತಿಳಿಸಿ.