ಓದುಗರ ಪ್ರಶ್ನೆ: ಮೇಳದಲ್ಲಿ ಕಂಡ ಛಾಯಾಚಿತ್ರಗಳು

ಪ್ರಶ್ನೆ: ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿರುವ ಚಿತ್ರಕಲಾ ಪರಿಷತ್ತಿಗೆ ಕರಕುಶಲ ಮೇಳ ನೋಡಲು ಹೋಗಿದ್ದೆವು. ಒಳಗಿನ ಗ್ಯಾಲರಿಯೊಂದರಲ್ಲಿ ಛಾಯಾಚಿತ್ರ ಪ್ರದರ್ಶನವೂ ನಡೆದಿತ್ತು. ಚನ್ನಪಟ್ಟಣದ ಬೊಂಬೆ ಆರಿಸಲು ಅರ್ಧ ದಿನ ಕಳೆದ ನಾವು ಆ ಚಿತ್ರಗಳನ್ನು ಹತ್ತೇ ನಿಮಿಷದಲ್ಲಿ ನೋಡಿ ಮುಗಿಸಿದೆವು. ಇಂಥವು ದಿನವೂ ಮೊಬೈಲಿನಲ್ಲಿ ಸಿಗುತ್ತವೆ ಎಂಬುದು ಮಕ್ಕಳ ವಾದ. ಇವನ್ನು ನೋಡುವುದಕ್ಕೆ ಕ್ರಮವೇನಾದರೂ ಇದೆಯೇ? ಒಂದನ್ನು ಕೊಳ್ಳುವ ಮನಸ್ಸಾಗಿ, ಬೆಲೆ ಕೇಳಿ ಹಿಂದೆ ಸರಿದೆವು.
– ಓದುಗರೊಬ್ಬರು, ಸಾಗರ

ಉತ್ತರ: ಬೊಂಬೆ ಕೊಳ್ಳುವ ಮುನ್ನ ಅದನ್ನು ಕೈಯಲ್ಲಿ ತಿರುಗಿಸಿ, ಹಾಲೆಮರದ ಮೇಲೆ ಅರಗಿನ ಬಣ್ಣ ಸಮನಾಗಿ ಕೂತಿದೆಯೇ ಎಂದು ನೀವು ಪರೀಕ್ಷಿಸಿಯೇ ಇರುತ್ತೀರಿ. ಛಾಯಾಚಿತ್ರವನ್ನೂ ಹೀಗೆ ಯಾರೋ ಕೈಯಾರೆ ಮಾಡಿದ ವಸ್ತುವೆಂದು ನೋಡತೊಡಗಿದರೆ ಹತ್ತು ನಿಮಿಷ ಸಾಲದು. ಮೊಬೈಲಿನಲ್ಲಿ ಸಿಗುವುದು ದೃಶ್ಯ ಮಾತ್ರ. ಗೋಡೆಯ ಮೇಲಿರುವುದಕ್ಕೆ ಅಳತೆಯಿದೆ, ಕಾಗದದ ಗುಣವಿದೆ, ಎಲ್ಲಿ ಎಷ್ಟು ಕಪ್ಪು ಉಳಿಯಬೇಕೆಂದು ಮುದ್ರಿಸಿದವರು ಮಾಡಿದ ತೀರ್ಮಾನವಿದೆ.

ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ 1856ರಲ್ಲಿ ಹಂಪಿಯಲ್ಲಿ ತೆಗೆದ ಚಿತ್ರಗಳನ್ನು ನೋಡಿ. ಮೇಣ ಹಚ್ಚಿದ ಕಾಗದವೇ ಅವುಗಳ ನೆಗೆಟಿವ್, ಅಂದರೆ ಬೆಳಕು-ನೆರಳು ಅದಲುಬದಲಾಗಿ ಮೂಡುವ ಮೂಲಪ್ರತಿ. ಚಿತ್ರವನ್ನು ಹಿಗ್ಗಿಸಿ ಮುದ್ರಿಸುವ ರೂಢಿ ಆಗ ಇರಲಿಲ್ಲವಾದ್ದರಿಂದ, ಎಷ್ಟು ದೊಡ್ಡ ಚಿತ್ರ ಬೇಕೋ ಅಷ್ಟೇ ದೊಡ್ಡ ನೆಗೆಟಿವನ್ನು, ಅಂದರೆ ಸುಮಾರು ಒಂದೂವರೆ ಅಡಿಯ ಹಾಳೆಯನ್ನು, ಕ್ಯಾಮೆರಾದೊಳಗೆ ಇಡಬೇಕಾಗಿತ್ತು. ಮುದ್ರಿಸುವಾಗ ಬೆಳಕು ಈ ನೆಗೆಟಿವಿನ ಕಾಗದದ ನಾರುಗಳನ್ನು ಹಾಯ್ದು ಬರುವುದರಿಂದ ಕಲ್ಲಿನ ಅಂಚುಗಳು ತುಸು ಮೆತ್ತಗಾಗುತ್ತವೆ. ಇಂಥ ನೆಗೆಟಿವಿಗೆ ದೀರ್ಘಕಾಲ ಬೆಳಕು ಬೀಳಬೇಕಾದ್ದರಿಂದ ಎದುರಿಗೆ ನಡೆದು ಹೋದವರು ಚಿತ್ರದಲ್ಲಿ ಮೂಡುವುದೇ ಇಲ್ಲ. ಅಂಗೈಯಗಲದ ಪರದೆಯಲ್ಲಿ ಇದೆಲ್ಲ ಬರಿಯ ಹಳೆಯ ಕಂದು ಚಿತ್ರವಾಗಿ ಕಾಣುತ್ತದೆಯೇ ಹೊರತು ಆ ಹಾಳೆಯ ಗಾತ್ರವಾಗಲಿ ನಾರಾಗಲಿ ಅರಿವಿಗೆ ಬರುವುದಿಲ್ಲ.

ಇಂದಿನ ಪ್ರಿಂಟಿನ ಮುಂದೆಯೂ ಮೊದಲು ಇಡೀ ಚೌಕಟ್ಟು ಒಂದೇ ನೋಟಕ್ಕೆ ದಕ್ಕುವಷ್ಟು ದೂರ ನಿಲ್ಲಿ, ಆಮೇಲೆ ಒಂದು ಅಡಿ ಹತ್ತಿರ ಹೋಗಿ. ಎಮ್ಮೆಯ ಚಿತ್ರವಾದರೆ ಅದರ ಬೆನ್ನನ್ನು ಗಮನಿಸಿ: ಕಪ್ಪಿನೊಳಗೆ ರೋಮಗಳು ಬಿಡಿಬಿಡಿಯಾಗಿ ಉಳಿದಿದ್ದರೆ ಮುದ್ರಣ ಒಳ್ಳೆಯದು, ಮಸಿ ಬಳಿದಂತೆ ಮುದ್ದೆಯಾಗಿದ್ದರೆ ಕೆಲಸ ಕಳಪೆ. ಗಾಜಿನಲ್ಲಿ ದೀಪ ಪ್ರತಿಫಲಿಸಿದರೆ ಪಕ್ಕಕ್ಕೆ ಸರಿಯಿರಿ. ಅಡಿಬರಹವನ್ನು ಕೊನೆಗೆ ಓದುವುದು ಮೇಲು, ಏಕೆಂದರೆ ಅದನ್ನು ಓದಿದ ಮೇಲೆ ಕಣ್ಣು ಅದು ಹೇಳಿದ್ದನ್ನಷ್ಟೇ ಹುಡುಕುತ್ತದೆ. ಛಾಯಾಗ್ರಾಹಕರು ಅಲ್ಲೇ ಇದ್ದರೆ ಸಂಕೋಚ ಬಿಟ್ಟು ಮಾತನಾಡಿಸಿ.

ಬೆಲೆಯ ವಿಚಾರದಲ್ಲಿ ಕಾಗದ ಹತ್ತಿಯದೇ, ಬಣ್ಣ ಬೇಗ ಮಾಸದ ಪಿಗ್‌ಮೆಂಟ್ ಶಾಯಿಯದೇ, ಒಟ್ಟು ಎಷ್ಟು ಪ್ರತಿ ಮುದ್ರಿಸುತ್ತಾರೆ ಎಂದು ಕೇಳಬೇಕು. ಅಂಚಿನಲ್ಲಿ ಪೆನ್ಸಿಲಿನಿಂದ 3/10 ಎಂದಿದ್ದರೆ ಹತ್ತು ಪ್ರತಿಗಳಲ್ಲಿ ಅದು ಮೂರನೆಯದು. ಪ್ರತಿಗಳಿಗೆ ಮಿತಿಯೇ ಇಲ್ಲದಿದ್ದಲ್ಲಿ ದೊಡ್ಡ ಬೆಲೆ ಕೊಡುವ ಅಗತ್ಯವಿಲ್ಲ. ಇಲ್ಲಿ ಚೌಕಾಸಿ ಶೋಭಿಸದು (ಕುಶಲಕರ್ಮಿಯ ಮಳಿಗೆಯಲ್ಲಿಯೂ ಅದು ಅಷ್ಟೇನೂ ಶೋಭಿಸದು). ಚಿಕ್ಕ ಅಳತೆಯದನ್ನೋ, ಚೌಕಟ್ಟಿಲ್ಲದ ಪ್ರಿಂಟನ್ನೋ ಕೊಡಬಹುದೇ ಎಂದು ಧಾರಾಳವಾಗಿ ವಿಚಾರಿಸಬಹುದು.

ಪ್ರಶ್ನೆ: ಹೀಗೆ ಕೊಂಡ ಚಿತ್ರವನ್ನು ನಮ್ಮ ಹೋಂಸ್ಟೇ ಜಾಹೀರಾತಿಗೆ ಬಳಸಬಹುದೇ? ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಏನು ಮಾಡಬೇಕು?
– ಓದುಗರೊಬ್ಬರು, ಮಡಿಕೇರಿ

ಉತ್ತರ: ಬಳಸುವಂತಿಲ್ಲ. ಪ್ರಿಂಟ್ ನಿಮ್ಮದಾದರೂ ಹಕ್ಕುಸ್ವಾಮ್ಯ ನಿಮ್ಮದಾಗುವುದಿಲ್ಲ. 2012ರಲ್ಲಿ ತಿದ್ದುಪಡಿಯಾದ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಛಾಯಾಚಿತ್ರದ ಹಕ್ಕು ಛಾಯಾಗ್ರಾಹಕರ ಜೀವಿತಾವಧಿಯುದ್ದಕ್ಕೂ, ಅವರು ತೀರಿಕೊಂಡ ಮರುವರ್ಷದ ಆರಂಭದಿಂದ ಇನ್ನೂ 60 ವರ್ಷವೂ ಇರುತ್ತದೆ. ಜಾಹೀರಾತಿಗೆ ಬೇಕಿದ್ದರೆ ಲಿಖಿತ ಅನುಮತಿ ಪಡೆಯಿರಿ. ಬೂಷ್ಟಿನ ಮಟ್ಟಿಗೆ, ಪ್ರಿಂಟ್ ಗಾಜಿಗೆ ತಾಗದಂತೆ ನಡುವೆ ಆಮ್ಲರಹಿತ ಮೌಂಟ್ ಬೋರ್ಡ್ (ಚಿತ್ರದ ಸುತ್ತ ಕೂರಿಸುವ ದಪ್ಪ ರಟ್ಟು) ಹಾಕಿಸಿ, ಚೌಕಟ್ಟಿನ ಹಿಂಬದಿಗೆ ಸಣ್ಣ ಬಿರಟೆಗಳನ್ನು ಅಂಟಿಸಿ ಗೋಡೆಯಿಂದ ಸ್ವಲ್ಪ ದೂರ ನಿಲ್ಲುವಂತೆ ತೂಗುಹಾಕಿ. ಮಳೆಯ ಎರಚಲು ತಾಗುವ ಹೊರಗೋಡೆಗಿಂತ ಮನೆಯ ಒಳಗೋಡೆಯೇ ಸೂಕ್ತ. ನೇರ ಬಿಸಿಲು ಬೀಳುವ ಜಾಗವೂ ಬೇಡ.