ಸಿಂಕಿನ ಸುಳಿಯನ್ನು ತಿರುಗಿಸುವವರು ಯಾರು?

ಪ್ರಶ್ನೆ: ಸಿಡ್ನಿಯಲ್ಲಿರುವ ಮಗಳ ಮನೆಯ ವಾಶ್ ಬೇಸಿನ್‌ನಲ್ಲಿ ನೀರು ಪ್ರದಕ್ಷಿಣವಾಗಿ ಸುತ್ತಿ ಇಳಿಯುತ್ತದೆ, ಮೈಸೂರಿನ ನಮ್ಮ ಮನೆಯಲ್ಲಿ ಅಪ್ರದಕ್ಷಿಣವಾಗಿ. ಇದಕ್ಕೆ ಭೂಮಿಯ ತಿರುಗುವಿಕೆಯೇ ಕಾರಣವಲ್ಲವೇ?

ಅಲ್ಲ. ಈ ಪ್ರಶ್ನೆ ಪ್ರತಿ ಬಾರಿಯೂ ಬೇರೊಂದು ಊರಿನ ಹೆಸರು ಹೊತ್ತು ಬರುವುದರಿಂದ ಈ ಸಲ ಲೆಕ್ಕಸಹಿತ ಉತ್ತರಿಸುತ್ತಿದ್ದೇನೆ. ಭೂಮಿ ತಿರುಗುವುದರಿಂದ ಹರಿಯುವ ನೀರು, ಗಾಳಿ ಉತ್ತರ ಗೋಳಾರ್ಧದಲ್ಲಿ ಬಲಕ್ಕೂ ದಕ್ಷಿಣದಲ್ಲಿ ಎಡಕ್ಕೂ ಹೊರಳುವುದೇ ಕೊರಿಯೋಲಿಸ್ ಪರಿಣಾಮ; ಉಳಿದದ್ದು ಪಠ್ಯಪುಸ್ತಕದಲ್ಲಿದೆ, ಅದನ್ನು ಇಲ್ಲಿ ವಿವರಿಸುವುದಿಲ್ಲ. ಅದು ಎಷ್ಟು ದುರ್ಬಲವೆಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ.

ಸೆಕೆಂಡಿಗೆ 10 ಸೆಂಟಿಮೀಟರ್ ವೇಗದಲ್ಲಿ ಹರಿಯುವ ನೀರನ್ನು ಮೈಸೂರಿನ ಅಕ್ಷಾಂಶದಲ್ಲಿ ಈ ಪರಿಣಾಮವು ಪಕ್ಕಕ್ಕೆ ಎಳೆಯುವ ಬಲವು ಗುರುತ್ವದ ಸುಮಾರು 30 ಲಕ್ಷದಲ್ಲಿ ಒಂದು ಪಾಲು. ಇನ್ನೊಂದು ಬಗೆಯಲ್ಲಿ ಹೇಳುವುದಾದರೆ, ಭೂಮಿಯೊಂದಿಗೆ ನಿಮ್ಮ ಬೇಸಿನ್‌ನ ತಳವೂ ತಿರುಗುತ್ತಿದ್ದು, ಧ್ರುವದಿಂದ ಭೂಮಧ್ಯರೇಖೆಯತ್ತ ಬಂದಂತೆ ಈ ತಿರುಗುವಿಕೆ ನಿಧಾನವಾಗುವುದರಿಂದ ಮೈಸೂರಿನಲ್ಲಿ ಒಂದು ಪೂರ್ತಿ ಸುತ್ತಿಗೆ ಅದು ಸುಮಾರು 112 ಗಂಟೆ ತೆಗೆದುಕೊಳ್ಳುತ್ತದೆ. ನಲ್ಲಿ ನಿಲ್ಲಿಸಿದ ಮೇಲೂ ಬೇಸಿನ್‌ನ ಅಂಚಿನಲ್ಲಿ, ಅಂದರೆ ತೂತಿನಿಂದ 15 ಸೆಂಟಿಮೀಟರ್ ದೂರದಲ್ಲಿ, ನೀರು ಸೆಕೆಂಡಿಗೆ ಒಂದೇ ಒಂದು ಮಿಲಿಮೀಟರ್‌ನಷ್ಟು ಸರಿಯುತ್ತಿದ್ದರೆ ಅದು 16 ನಿಮಿಷಕ್ಕೊಂದು ಸುತ್ತು. ಭೂಮಿಯ ಕಾಣಿಕೆಗಿಂತ 400 ಪಟ್ಟಿಗೂ ಹೆಚ್ಚು. ಕಣ್ಣಿಗೆ ನಿಶ್ಚಲವೆಂದು ತೋರುವ ಈ ಅಲ್ಪ ಚಲನೆಯೇ, ದಾರಕ್ಕೆ ಕಟ್ಟಿದ ಕಲ್ಲು ಬೆರಳಿಗೆ ಸುತ್ತಿಕೊಳ್ಳುತ್ತಾ ಬಂದಂತೆ ಬೇಗ ಬೇಗ ತಿರುಗುವ ಹಾಗೆ, ತೂತಿನ ಬಳಿ ಸುಳಿಯಾಗುತ್ತದೆ. ನಲ್ಲಿ ಯಾವ ಪಕ್ಕಕ್ಕಿದೆ, ತೂತು ನಡುವಿನಿಂದ ಎಷ್ಟು ಸರಿದಿದೆ, ಮುಚ್ಚಳವನ್ನು ಯಾವ ಕೈಯಿಂದ ಎಳೆದಿರಿ ಎಂಬುವೇ ದಿಕ್ಕನ್ನು ತೀರ್ಮಾನಿಸುತ್ತವೆ. ಕಮೋಡಿನಲ್ಲಂತೂ ಅಂಚಿನ ಕೆಳಗಿನ ರಂಧ್ರಗಳು ನೀರನ್ನು ಓರೆಯಾಗಿ ಚಿಮ್ಮಿಸುವುದರಿಂದ ದಿಕ್ಕು ಕಾರ್ಖಾನೆಯಲ್ಲೇ ನಿಶ್ಚಯವಾಗಿರುತ್ತದೆ.

ಹಾಗೆಂದು ಈ ಪರಿಣಾಮವು ಪಾತ್ರೆಯ ನೀರಿನಲ್ಲಿ ಇಲ್ಲವೇ ಇಲ್ಲ ಎಂದು ವಾದಿಸುವ ಅರೆಪಂಡಿತರೂ ನನಗೆ ಅಷ್ಟೇ ಕಿರಿಕಿರಿ. ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಆಶರ್ ಶಪೀರೊ ಅವರು 1962ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ತೊಟ್ಟಿಯ ವ್ಯಾಸ ಆರು ಅಡಿ, ನೀರಿನ ಆಳ ಆರು ಅಂಗುಲ, ನಡುವಿನ ತೂತು ಒಂದು ಸೆಂಟಿಮೀಟರಿನಷ್ಟು. ಅವರು ಬೇಕೆಂದೇ ನೀರನ್ನು ಪ್ರದಕ್ಷಿಣವಾಗಿ ಸುತ್ತಿಸುತ್ತಾ ತುಂಬಿ, ಗಾಳಿಯಾಡದಂತೆ ಪ್ಲಾಸ್ಟಿಕ್ ಹೊದಿಸಿ, ಕೋಣೆಯ ಉಷ್ಣತೆ ಬದಲಾಗದಂತೆ ನೋಡಿಕೊಂಡು, 24 ಗಂಟೆ ಕಾದರು. ಒಂದೆರಡು ಗಂಟೆ ಮಾತ್ರ ಕಾದಾಗ ನೀರು ತುಂಬಿದ ದಿಕ್ಕಿಗೇ ಸುತ್ತಿತು. ಇಡೀ ದಿನ ಕಾದ ಮೇಲೆ ಮಾತ್ರ ಭೂಮಿಯ ಮಾತು ನಡೆಯಿತು. ಬಿರಟೆ ತೆಗೆದ ನಂತರವೂ ಮೊದಲ 12-15 ನಿಮಿಷ ತೂತಿನ ಮೇಲೆ ತೇಲಿಬಿಟ್ಟ ಪುಟ್ಟ ಮರದ ಕಡ್ಡಿಗಳ ಶಿಲುಬೆ ಅಲುಗಿದಂತೆಯೇ ಕಾಣಲಿಲ್ಲ, ಬಳಿಕ ಅದು ಅಪ್ರದಕ್ಷಿಣವಾಗಿ ತಿರುಗತೊಡಗಿ ಕೊನೆಗೆ ಮೂರು ನಾಲ್ಕು ಸೆಕೆಂಡಿಗೊಂದು ಸುತ್ತು ಹಾಕಿತು. 1965ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಇದೇ ಬಗೆಯ ಪ್ರಯೋಗ ನಡೆದಾಗ ನೀರು ಪ್ರದಕ್ಷಿಣವಾಗಿ ತಿರುಗಿತು. ನಿಮ್ಮ ಮಗಳ ಬೇಸಿನ್‌ನಲ್ಲಿಯೂ ಅದೇ ದಿಕ್ಕು ಬಂದದ್ದು ಕಾಕತಾಳೀಯ. ಮೇಲಿಂದ ನೋಡುತ್ತಾ ಕೈಯಿಂದ ನೀರನ್ನು ಒಮ್ಮೆ ಅಪ್ರದಕ್ಷಿಣವಾಗಿ ಸವರಿ ಬಿಡಲು ಹೇಳಿ, ದಿಕ್ಕು ಅಲ್ಲೇ ಬದಲಾದೀತು.

ಪ್ರಶ್ನೆ: ಕೀನ್ಯಾದ ನಾನ್ಯುಕಿಯಲ್ಲಿ ಭೂಮಧ್ಯರೇಖೆಯ ಎರಡೂ ಬದಿ ಕೆಲವೇ ಹೆಜ್ಜೆ ನಡೆದು ನೀರು ವಿರುದ್ಧ ದಿಕ್ಕಿಗೆ ತಿರುಗುವುದನ್ನು ತೋರಿಸಿದರು. ಕಣ್ಣಾರೆ ಕಂಡದ್ದು ಸುಳ್ಳೇ?

ಕಂಡದ್ದು ನಿಜ, ಕಾರಣ ಸುಳ್ಳು. ರೇಖೆಯಿಂದ 20 ಮೀಟರ್ ದೂರದಲ್ಲಿ ಪಾತ್ರೆಯ ತಳವು ಭೂಮಿಯಿಂದಾಗಿ ಒಂದು ಸುತ್ತು ತಿರುಗಲು ಸುಮಾರು 870 ವರ್ಷ ಬೇಕು. ಪ್ರದರ್ಶಕನು ಪಾತ್ರೆ ಹಿಡಿದು ನಿಮ್ಮತ್ತ ತಿರುಗುವಾಗ ಒಂದು ಬದಿಯಲ್ಲಿ ಎಡಕ್ಕೂ ಇನ್ನೊಂದು ಬದಿಯಲ್ಲಿ ಬಲಕ್ಕೂ ಹೊರಳಿದರೆ, ಅಥವಾ ನೀರನ್ನು ಸ್ವಲ್ಪ ಓರೆಯಾಗಿ ಸುರಿದರೆ ಸಾಕು. ಮುಂದಿನ ಬಾರಿ ನೀರಿನಲ್ಲಿ ತೇಲುವ ಕಡ್ಡಿಯನ್ನು ನೋಡುವ ಬದಲು ಆತನ ಪಾದಗಳನ್ನು ನೋಡಿ. ಹೊಟ್ಟೆಪಾಡಿಗಾಗಿ ಆಟ ತೋರಿಸುವವನ ಮೇಲೆ ನನಗೆ ಸಿಟ್ಟಿಲ್ಲ. ಆ ವಿಡಿಯೊವನ್ನು ತರಗತಿಯಲ್ಲಿ ಪಾಠವೆಂದು ತೋರಿಸುವ ಶಿಕ್ಷಕರ ಮೇಲಿದೆ.

ಪ್ರಶ್ನೆ: ನೀರು ಅಪ್ರದಕ್ಷಿಣವಾಗಿ ಇಳಿಯುವುದು ಮನೆಗೆ ದೋಷವೆಂದು ವಾಸ್ತು ಹೇಳುವವರು ಸಿಂಕ್ ಬದಲಿಸಲು ಸೂಚಿಸಿದ್ದಾರೆ.

ಸಿಂಕ್ ಇರಲಿ, ಸಲಹೆಗಾರರನ್ನು ಬದಲಿಸಿ.

ಪ್ರಶ್ನೆ: ಸಿಂಕಿನಲ್ಲಿ ನಡೆಯದ ಪರಿಣಾಮ ಚಂಡಮಾರುತದಲ್ಲಿ ಹೇಗೆ ನಡೆಯುತ್ತದೆ?

ಅಲ್ಲಿ ಗಾಳಿಯು ನೂರಾರು ಕಿಲೋಮೀಟರ್ ಹರವಿನಲ್ಲಿ ದಿನಗಟ್ಟಲೆ ಹರಿಯುತ್ತದೆ, ಆದ್ದರಿಂದ ಸಣ್ಣ ಸೆಳೆತವೂ ಕೂಡುತ್ತಾ ಹೋಗುತ್ತದೆ. 2021ರ ಮೇ ತಿಂಗಳಲ್ಲಿ ನಮ್ಮ ಕರಾವಳಿಯನ್ನು ಬಾಧಿಸಿದ ತೌಕ್ತೆ ಅಪ್ರದಕ್ಷಿಣವಾಗಿಯೇ ತಿರುಗುತ್ತಿತ್ತು. ದಕ್ಷಿಣ ಗೋಳಾರ್ಧದಿಂದ ಆಗ್ನೇಯ ಮಾರುತವಾಗಿ ಹೊರಟ ಗಾಳಿ ಭೂಮಧ್ಯರೇಖೆ ದಾಟಿ ಬಲಕ್ಕೆ ಹೊರಳುವುದರಿಂದಲೇ ಜೂನ್‌ನಲ್ಲಿ ನಮಗೆ ನೈರುತ್ಯ ಮುಂಗಾರು ಬರುತ್ತದೆ.

ಪ್ರಶ್ನೆ: ಭೂಮಿ ತಿರುಗುವುದಾದರೆ ಹೆಲಿಕಾಪ್ಟರ್ ಮೇಲೆಯೇ ನಿಂತು ಅಮೆರಿಕ ಬರುವವರೆಗೆ ಕಾಯಬಹುದಲ್ಲವೇ?

ಗಾಳಿಯೂ ಭೂಮಿಯ ಜೊತೆಗೇ ತಿರುಗುತ್ತದೆ. ಈ ಪ್ರಶ್ನೆಯನ್ನು ಮತ್ತೆ ಕಳುಹಿಸಬೇಡಿ.

ಪ್ರಶ್ನೆ: ಶಪೀರೊ ಪ್ರಯೋಗವನ್ನು ನಮ್ಮ ಪ್ರೌಢಶಾಲೆಯಲ್ಲಿ ಮಾಡಬಹುದೇ?

ನಾನು ಬೇಡವೆನ್ನುತ್ತೇನೆ. ಮೈಸೂರಿನ ಅಕ್ಷಾಂಶದಲ್ಲಿ ಪರಿಣಾಮವು ಅವರಿಗೆ ಸಿಕ್ಕಿದ್ದರ ಮೂರನೇ ಒಂದು ಪಾಲಿನಷ್ಟೇ. ಫ್ಯಾನ್ ಗಾಳಿ, ಕಿಟಕಿಯ ಬಿಸಿಲು, ಇಣುಕುವ ಮಕ್ಕಳು, ಯಾವುದಾದರೂ ಒಂದು ಅದನ್ನು ನುಂಗಿಬಿಡುತ್ತದೆ. ಮಾಡಲೇಬೇಕೆಂದಿದ್ದರೆ ಸಮತಟ್ಟಾದ, ದುಂಡಗಿನ ಅಗಲ ತೊಟ್ಟಿ, ನಟ್ಟ ನಡುವೆ ತೂತು, ಕೆಳಗಿನಿಂದ ತೆಗೆಯುವ ಬಿರಟೆ, ಮುಚ್ಚಿಟ್ಟ ಕೋಣೆ ಮತ್ತು ಕನಿಷ್ಠ ಒಂದು ದಿನದ ಕಾಯುವಿಕೆ ಬೇಕು. ಎರಡೂ ದಿಕ್ಕುಗಳಿಗೆ ಸುತ್ತಿಸಿ ತುಂಬಿ ಹಲವು ಬಾರಿ ಮಾಡಿ, ಪ್ರತಿ ಬಾರಿಯೂ ಅಪ್ರದಕ್ಷಿಣವೇ ಬಂದರೆ ನನಗೆ ಬರೆಯಿರಿ. ಒಮ್ಮೆ ಬಂದದ್ದನ್ನು ಬರೆಯಬೇಡಿ.