ಕೆರೆ ಪಕ್ಕದ ಐದು ಎಕರೆಯನ್ನು ಹೆಬ್ಬಾತುಗಳಿಗೆ ಬಿಡಬೇಕು ಅಂತಿದ್ದೇನೆ. ಕೊಳ ಎಷ್ಟು ಆಳ ತೋಡಿಸಲಿ, ಸುತ್ತ ಯಾವ ಮರ ನೆಡಲಿ?

ತೋಡಿಸಬೇಡಿ. ಮರವನ್ನೂ ನೆಡಬೇಡಿ. ಇವೆರಡನ್ನೂ ಮಾಡಿ ಕೈ ಸುಟ್ಟುಕೊಂಡವನು ನಾನು.

ನಮ್ಮದು ಗದಗ ಜಿಲ್ಲೆ. ಚಳಿಗಾಲಕ್ಕೆ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬರುತ್ತವಲ್ಲ, ಅದರಲ್ಲಿ ಒಂದಿಷ್ಟು ನಮ್ಮೂರ ಕೆರೆಗೂ ಬರುತ್ತಿದ್ದವು. ಹಿನ್ನೀರಿಗೆ ಅಂಟಿಕೊಂಡೇ ನಮ್ಮ ಮೂರು ಎಕರೆ. ಮಳೆ ಚೆನ್ನಾಗಿ ಆದ ವರ್ಷ ಅರ್ಧ ಹೊಲ ನೀರಲ್ಲಿ. ಅಪ್ಪ ಅದನ್ನು ‘ದಂಡದ ಹೊಲ’ ಅಂತಲೇ ಕರೆಯುತ್ತಿದ್ದರು. ನೀರು ಇಳಿದಷ್ಟು ಜಾಗಕ್ಕೆ ಕಡಲೆ ಹಾಕುತ್ತಿದ್ದರು. ಬೆಳಗ್ಗೆ ಹತ್ತರ ಹೊತ್ತಿಗೆ ಹೋದರೆ ಹೆಬ್ಬಾತುಗಳು ಆ ಕೆಸರಲ್ಲಿ ಒಂಟಿಕಾಲಲ್ಲಿ ನಿಂತು ತೂಕಡಿಸುತ್ತಿದ್ದವು. ತಲೆ ಹಿಂದಿನ ಎರಡು ಕಪ್ಪು ಪಟ್ಟೆ ದುರ್ಬೀನು ಇಲ್ಲದೆಯೂ ಕಾಣುತ್ತಿತ್ತು.

ಅಪ್ಪ ಹೋದ ಮೇಲೆ ನನಗೆ ನಿಮಗೆ ಬಂದ ಯೋಚನೆಯೇ ಬಂತು. ಬೇಸಿಗೆಯಲ್ಲಿ ನೀರು ಬತ್ತುತ್ತೆ, ಪಾಪ ಹಕ್ಕಿಗಳು, ಆಳ ಮಾಡಿದರೆ ನೀರು ನಿಲ್ಲುತ್ತೆ ಅಲ್ವಾ? ನಾಲ್ಕು ದಿನ ಜೆಸಿಬಿ ಓಡಿಸಿದೆ. ದಡದಿಂದಲೇ ನೇರ ಆರು ಅಡಿ, ಗೋಡೆ ಕೊಯ್ದ ಹಾಗೆ. ಹೂಳನ್ನು ಊರವರು ಪುಕ್ಕಟೆ ಸಿಕ್ಕಿತು ಅಂತ ಟ್ರ್ಯಾಕ್ಟರಿನಲ್ಲಿ ಹೊತ್ತೊಯ್ದರು. ಎಲ್ಲರಿಗೂ ಖುಷಿ.

ತಪ್ಪು ಆ ದಡದ್ದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನನಗೆ ಅರ್ಥವಾಗಲು ಎರಡು ಚಳಿಗಾಲ ಬೇಕಾಯಿತು. ಹೊಲ ಇಳಿಜಾರಾಗಿದ್ದಾಗ ನೀರು ವಾರವಾರ ಹಿಂದೆ ಸರಿಯುತ್ತಿತ್ತು. ಸರಿದಂತೆಲ್ಲ ಹೊಸ ಕೆಸರು ತೆರೆದುಕೊಳ್ಳುತ್ತಿತ್ತು, ಅದರಲ್ಲಿ ಹುಳ, ಅದರ ಹಿಂದೆ ಎಳೆ ಹುಲ್ಲು. ಗದ್ದೆಗೊರವ, ಮೆಟ್ಟುಗಾಲು ಹಕ್ಕಿ, ಹೆಬ್ಬಾತು, ಎಲ್ಲಕ್ಕೂ ಊಟ ಅಲ್ಲೇ. ನನ್ನ ಹೊಂಡದಲ್ಲಿ ನೀರು ಕೆಳಗಿಳಿಯುತ್ತದೆಯೇ ಹೊರತು ಹಿಂದೆ ಸರಿಯುವುದಿಲ್ಲ. ಕೆಸರೇ ಇಲ್ಲ. ಗೊರವನ ಕಾಲು ನನ್ನ ತೋರುಬೆರಳಿನಷ್ಟು ಉದ್ದ. ಆರು ಅಡಿ ನೀರಲ್ಲಿ ಅದು ಎಲ್ಲಿ ನಿಲ್ಲಬೇಕು? ಆ ವರ್ಷ ಬಂದದ್ದು ನೀರುಕಾಗೆ, ಮಿಂಚುಳ್ಳಿ. ಅವಕ್ಕೇನು, ಮೀನಿದ್ದರೆ ಸಾಕು.

ಇನ್ನು ಮರ. ನಿಮ್ಮ ತಲೆಯಲ್ಲಿ ಕೊಕ್ಕರೆ ಬೆಳ್ಳೂರು ಇದೆ ಅನ್ನಿಸುತ್ತೆ. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಬರುವುದು ಹುಣಸೆ ಮರದಲ್ಲಿ ಗೂಡು ಕಟ್ಟೋಕೆ. ಹೆಬ್ಬಾತು ಮರಿ ಮಾಡುವುದು ಟಿಬೆಟ್, ಮಂಗೋಲಿಯಾ ಕಡೆ. ನಮ್ಮಲ್ಲಿಗೆ ಅದು ಬರುವುದು ತಿನ್ನೋಕೆ, ಮಲಗೋಕೆ. ನಾಯಿ ಬಂದರೆ ದೂರದಿಂದಲೇ ಕಾಣುವ ಬಯಲು ಬೇಕು ಅದಕ್ಕೆ. ನಾನು ಸಾಲಾಗಿ ಹೊಂಗೆ ನೆಟ್ಟೆ. ಈಗ ಅದರ ನೆರಳಲ್ಲಿ ಕೂತು ಇಸ್ಪೀಟು ಆಡುವವರಿದ್ದಾರೆ.

ನಿಜ ಹೇಳಬೇಕೆಂದರೆ ನಿಮ್ಮ ಐದು ಎಕರೆಯಿಂದ ಏನೂ ತೀರ್ಮಾನ ಆಗುವುದಿಲ್ಲ. ಹೆಬ್ಬಾತು ಹಗಲು ಕೆರೆಯಲ್ಲಿರುತ್ತದೆ, ಕತ್ತಲಾದ ಮೇಲೆ ಮೇಯಲು ಹೋಗುವುದು ಊರವರ ಶೇಂಗಾ, ಕಡಲೆ ಹೊಲಕ್ಕೆ. ಕೊಳಕ್ಕೆ ಇಟ್ಟ ದುಡ್ಡಲ್ಲಿ ಪಕ್ಕದ ಹೊಲದವರ ಬೆಳೆ ಹಾನಿ ತುಂಬಿಕೊಡಿ. ಅವರು ಪಟಾಕಿ ಹೊಡೆಯುವುದು ನಿಲ್ಲಿಸಿದರೆ ಅರ್ಧ ಕೆಲಸ ಆದಂತೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರ ತಿದ್ದುಪಡಿ ಆದಾಗಿನಿಂದ, ಮಾಲೀಕರು ಒಪ್ಪಿದರೆ ಖಾಸಗಿ ಜಮೀನನ್ನೂ ಸಮುದಾಯ ಮೀಸಲು, ಅಂದರೆ ಊರವರೂ ಸೇರಿ ಕಾಯುವ ಸಂರಕ್ಷಿತ ಜಾಗ, ಅಂತ ಘೋಷಿಸಬಹುದು. ಕೊಕ್ಕರೆ ಬೆಳ್ಳೂರಿಗೆ 2007ರಲ್ಲಿ ಆಯಿತು. ಮಾಗಡಿ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿತು. ಕಾಗದ ಪತ್ರ ಆಮೇಲೆ ನೋಡಿಕೊಳ್ಳಿ, ಮೊದಲು ಪಕ್ಕದವರ ಮನೆಗೆ ಹೋಗಿ ಚಹಾ ಕುಡಿಯಿರಿ.

ಹೋದ ಬೇಸಿಗೆಯಲ್ಲಿ ಒಂದು ಬದಿಯ ದಡವನ್ನು ಮತ್ತೆ ಇಳಿಜಾರು ಮಾಡಿಸಿದೆ. ತೋಡಿಸಿದ್ದಕ್ಕಿಂತ ಜಾಸ್ತಿ ಖರ್ಚು. ಪುಕ್ಕಟೆ ಕೊಟ್ಟ ಮಣ್ಣನ್ನೇ ಲೋಡಿಗೆ ಇಷ್ಟು ಅಂತ ಕೊಟ್ಟು ತರಿಸಿದೆ. ಚಳಿಗಾಲದಲ್ಲಿ ಮೂರು ಗೊರವ ಬಂದವು. ಹೆಬ್ಬಾತು ಇನ್ನೂ ಇಲ್ಲ.

ಜೆಸಿಬಿಯವರಿಗೆ ಅಡ್ವಾನ್ಸ್ ಕೊಟ್ಟಿದ್ದರೆ ಇವತ್ತೇ ಫೋನ್ ಮಾಡಿ ವಾಪಸ್ ಕೇಳಿ.